ಎಲ್ಲಾ ನಾರ್ಮಲ್

ಮಂಗಳವಾರ ಬೆಳಿಗ್ಗೆ ಸ್ಕೂಟರಿನ ಇನ್ಶೂರೆನ್ಸ್ ಕಾಗದಕ್ಕೆಂದು ಹೆಂಡತಿಯ ಬ್ಯಾಗಿನಲ್ಲಿ ಕೈಯಾಡಿಸಿದ ಸುಹಾಸನಿಗೆ ಕಾಗದ ಸಿಗಲಿಲ್ಲ, ಕೆಂಪು ಗುಳಿಗೆಗಳ ಒಂದು ಪಟ್ಟಿ ಸಿಕ್ಕಿತು. ಹತ್ತರಲ್ಲಿ ಆರು ಖಾಲಿ. ಆ ಗುಳಿಗೆಯನ್ನು ಅವನು ಬಲ್ಲ. ತ್ರಿಶಲಾ ಅಂಗನವಾಡಿಗಳ ಸೂಪರ್‌ವೈಜರ್. ಐನಾಪುರದಿಂದ ಉಗಾರದವರೆಗಿನ ಬಸುರಿಯರ ಹೆಸರೆಲ್ಲ ಅವಳ ವಹಿಯಲ್ಲಿರುತ್ತಿದ್ದವು, ಅವರಿಗೆ ಹಂಚುವ ಇಂಥ ಕಬ್ಬಿಣಾಂಶದ ಗುಳಿಗೆಯ ಡಬ್ಬಿಗಳು ಎಷ್ಟೋ ಸಲ ಪಡಸಾಲೆಯ ಮೂಲೆಯಲ್ಲಿ ಬಂದು ಕೂತಿದ್ದವು. ಆದರೆ ಈ ಪಟ್ಟಿ ಡಬ್ಬಿಯಲ್ಲಿರಲಿಲ್ಲ. ಅವಳ ಬಾಚಣಿಗೆ, ಕರ್ಚೀಫುಗಳ ನಡುವೆ ಇತ್ತು. ಅದರ ಕೆಳಗೆ ನಾಲ್ಕು ಮಡಿಕೆಯ ಒಂದು ಚೀಟಿ. ಮಿರಜದ ಆಸ್ಪತ್ರೆಯದು, ಮರಾಠಿಯಲ್ಲಿ. ಸೌ. ತ್ರಿಶಲಾ ಸುಹಾಸ ಮಗದುಮ್, ವಯಸ್ಸು ಮೂವತ್ತೆಂಟು, ಬುಧವಾರ ಹನ್ನೊಂದು ಗಂಟೆಗೆ ಬರುವುದು. ಮೇಲೆ ದಪ್ಪಕ್ಷರದಲ್ಲಿ, ಸ್ತ್ರೀರೋಗ ಮತ್ತು ಪ್ರಸೂತಿ ವಿಭಾಗ. ಕೊನೆಯ ಎರಡು ಶಬ್ದಗಳಿಂದ ಅವನಿಗೆ ಕಣ್ಣು ಕೀಳಲಾಗಲೇ ಇಲ್ಲ. ಹಿತ್ತಲಲ್ಲಿ ಅವಳು ಒಗೆದ ಅರಿವೆ ಝಾಡಿಸುವ ಸಪ್ಪಳ ಕೇಳುತ್ತಿತ್ತು. ಒಂದು ಝಾಡಿಕೆಗೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತಾಗುತ್ತಿದೆಯಲ್ಲ, ಯಾಕೆ, ದಣಿದಿದ್ದಾಳೆಯೇ, ಎಂದು ಎಣಿಸುತ್ತ ಅವನು ಚೀಟಿಯನ್ನು ಇದ್ದ ಮಡಿಕೆಯಲ್ಲೇ ಮಡಚಿ, ಇದ್ದ ಜಾಗದಲ್ಲೇ ಇಟ್ಟ. ಕಳ್ಳ ತಾನೋ ಅವಳೋ ಎಂಬುದು ಇಡುವಾಗ ಅವನಿಗೆ ತಿಳಿಯಲಿಲ್ಲ.

ಬಸದಿಯಿಂದ ಬಂದ ತಾಯಿ ಕುಸುಮವ್ವ ಕೈಯಲ್ಲಿನ ಬಟ್ಟಲನ್ನು ದೇವರ ಗೂಡಿನ ಮುಂದಿಟ್ಟು ಅವನನ್ನು ಸನ್ನೆ ಮಾಡಿ ಕರೆದಳು. ಮುಖದ ಮೇಲೆ ಎಂದೂ ಇಲ್ಲದ ಒಂದು ಕಳೆ.

"ಎರಡು ತಿಂಗಳಾತು ನೋಡು, ನಿನ್ನ ಹೇಣ್ತಿ ಹೊರಗ ಕುಂತಿಲ್ಲ. ನಾ ಬರೋಬರಿ ಲಕ್ಷ್ಯ ಇಟ್ಟೀನಿ."

ಮುಟ್ಟಾದ ಮೂರು ದಿನ ಸೊಸೆ ಅಡುಗೆಮನೆಗೆ ಬರದೆ ಹೊರಗಿನ ಕೋಣೆಯಲ್ಲಿ ಕೂರುವುದು ಆ ಮನೆಯ ನೇಮ. ಹದಿಮೂರು ವರ್ಷಗಳಿಂದ ತಿಂಗಳು ತಿಂಗಳೂ ಅವಳು ಹೊರಗೆ ಕೂತಾಗ ಕುಸುಮವ್ವ ಪಾತ್ರೆಗಳನ್ನು ಜೋರಾಗಿ ಕುಕ್ಕುತ್ತಿದ್ದಳು.

"ಅಂದ್ರ?" ಎಂದ ಸುಹಾಸ.

"ಅಂದ್ರೇನು ಅಂದ್ರ! ಪ್ರೊಫೆಸರ್ ಅಂತಿ, ಇಷ್ಟೂ ತಿಳಿಯಂಗಿಲ್ಲ? ಮಾರಿ ಹೆಂಗ ಬಿಳಚಿಕೊಂಡೈತಿ ನೋಡು. ದೃಷ್ಟಿ ಆದೀತಂತ ಬಾಯಿ ಬಿಡವಲ್ಲಳು. ನೀನೂ ಸುಮ್ಮನಿರು, ನಾನೂ ಸುಮ್ಮನಿರ್ತೀನಿ." ಅವನ ಬೆನ್ನಿಗೆ ಮೆಲ್ಲಗೆ ಒಂದು ಗುದ್ದು ಕೊಟ್ಟಳು. "ಇನ್ನ ಊರಾಗ ಯಾವನರ ನನ್ನ ಮಗನ ಬಗ್ಗೆ ಮಾತಾಡ್ಲಿ, ನೋಡ್ತೀನಿ."

ಅವನು ನಕ್ಕ. ನಗಬೇಕಾಗಿತ್ತು, ನಕ್ಕ. ನಗುವಾಗ ಕೆನ್ನೆಯ ಚರ್ಮ ಬೇರೆ ಯಾರದೋ ಎಂಬಂತೆ ಎಳೆಯುತ್ತಿತ್ತು.

ಯಾಕೆಂದರೆ ತನ್ನಿಂದ ಅದು ಆಗಲಾರದು ಎಂಬುದು ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಕೊಲ್ಹಾಪುರದಲ್ಲಿ ಇಬ್ಬರನ್ನೂ ತಪಾಸಣೆ ಮಾಡಿದ್ದರು. ವರದಿ ತರಲು ತಾನೊಬ್ಬನೇ ಹೋಗುತ್ತೇನೆಂದು ಹೋದವನು ಅವನು. ಅವಳದು ಎಲ್ಲ ಸರಿಯಿತ್ತು. ಅವನ ಹಾಳೆಯಲ್ಲಿ ವೀರ್ಯಾಣುಗಳ ಎಣಿಕೆಯ ಮುಂದೆ ಒಂದು ಸೊನ್ನೆ ಇತ್ತು. ಡಾಕ್ಟರು ಮೃದುವಾದ ಮರಾಠಿಯಲ್ಲಿ, ಇದರಲ್ಲಿ ಮನುಷ್ಯನ ತಪ್ಪೇನೂ ಇರುವುದಿಲ್ಲ, ಎಷ್ಟೋ ಜನರಿಗೆ ಹೀಗಿರುತ್ತದೆ, ಇನ್ನೊಮ್ಮೆ ಹೆಂಡತಿಯನ್ನೂ ಕರೆದುಕೊಂಡು ಬನ್ನಿ, ಕೂತು ಮಾತಾಡೋಣ ಎಂದಿದ್ದರು. ಬಸ್ಸು ಕೃಷ್ಣೆಯ ಸೇತುವೆ ದಾಟುವಾಗ ಅವನು ತನ್ನ ಹಾಳೆಯನ್ನು ಸಣ್ಣಗೆ ಹರಿದು ಕಿಟಕಿಯಿಂದ ಬಿಟ್ಟ. ಎರಡು ಚೂರು ಗಾಳಿಗೆ ತಿರುಗಿ ಒಳಗೇ ಬಂದವು, ಅವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಮನೆಗೆ ಬಂದು ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಲ್ಲಿ ನಿಂತ ಇಬ್ಬರು ಹೆಂಗಸರಿಗೂ ಕೇಳುವ ಹಾಗೆ ಹೇಳಿದ: "ನಂದು ಎಲ್ಲಾ ನಾರ್ಮಲ್ ಐತಿ." ಅಷ್ಟೇ. ಅವಳದು ಸರಿಯಿಲ್ಲ ಎಂದು ಅವನು ಹೇಳಲಿಲ್ಲ. ಆ ಮಾತನ್ನು ಅವನು ಎಂದೂ ಆಡಿರಲಿಲ್ಲ, ಅದಕ್ಕೆ ಅವನ ಆತ್ಮಸಾಕ್ಷಿಯೇ ಸಾಕ್ಷಿ. ಉಳಿದದ್ದನ್ನು ಕುಸುಮವ್ವ ತಿಳಿದುಕೊಂಡಳು, ಓಣಿ ತಿಳಿದುಕೊಂಡಿತು. ತ್ರಿಶಲಾ ಗುಳಿಗೆ ನುಂಗಿದಳು, ಸೂಜಿ ಚುಚ್ಚಿಸಿಕೊಂಡಳು, ವ್ರತ ಹಿಡಿದಳು. ಉಡಿ ತುಂಬುವ ಕಾರ್ಯಗಳಿಗೆ ಅವಳನ್ನು ಕರೆಯುವುದನ್ನು ನೆಂಟರು ಬಿಟ್ಟರು. ಇನ್ನೊಂದು ಮದುವೆ ಮಾಡಿಕೋ ಎಂದು ಸೋದರಮಾವ ಬಂದು ಕೂತಾಗ, ನಾನು ಓದಿದ ಮನುಷ್ಯ, ಹೆಣ್ಣೆಂದರೆ ಹೊಲವಲ್ಲ ಎಂದು ಸುಹಾಸ ಎದ್ದು ಹೋಗಿದ್ದ. ಆ ಮಾತು ಸುತ್ತಿನ ನಾಲ್ಕು ಊರಿಗೆ ಹಬ್ಬಿ, ಇಂಥ ಗಂಡನನ್ನು ಪಡೆಯಲು ತ್ರಿಶಲಾ ಪುಣ್ಯ ಮಾಡಿದ್ದಳು ಎಂದು ಹೆಂಗಸರು ಆಡಿಕೊಂಡರು. ಅವಳೂ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಆ ದಿನ ಅವಳು ಅವನನ್ನು ನೋಡಿದ ನೋಟವನ್ನು ಅವನು ಕೃತಜ್ಞತೆ ಎಂದುಕೊಂಡಿದ್ದ.

ಈಗ ಕೇಳಬೇಕೆಂದರೆ ಹೇಗೆ ಕೇಳುವುದು? ಯಾವ ಗಂಡನೂ ಹೆಂಡತಿ ಬಸುರಿ ಎಂದು ತಿಳಿದಾಗ ಯಾರದೆಂದು ಕೇಳುವುದಿಲ್ಲ. ಕೇಳುವ ಹಕ್ಕು ಬರಬೇಕಾದರೆ ಅವನು ಮೊದಲು ತನ್ನ ಸೊನ್ನೆಯನ್ನು ಹೊರಗೆ ತೆಗೆದಿಡಬೇಕು.

ಕಾಗವಾಡದ ಕಾಲೇಜಿನಲ್ಲಿ ಅಂದು ಅವನಿಗೆ ಎರಡು ತಾಸು ಪಾಠವಿತ್ತು. ಅವನು ಇಂಗ್ಲಿಷ್ ವಿಭಾಗದವನು. ಲ್ಯಾಟಿನ್ ಅಮೆರಿಕದ ಸಾಹಿತ್ಯದಲ್ಲಿ ಗಂಡಸುತನ ಎಂಬ ವಿಷಯದ ಮೇಲೆ ಪಿಎಚ್‌ಡಿ ಮಾಡಿದವನು. ನಿಪ್ಪಾಣಿಯ ವಿಚಾರ ಸಂಕಿರಣದಲ್ಲಿ ಮಚಿಸ್ಮೊ ಎಂಬ ಸ್ಪ್ಯಾನಿಶ್ ಶಬ್ದದ ಮೇಲೆ ಮುಕ್ಕಾಲು ಗಂಟೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದ. ಅದು ಬರೀ ಗಂಡಸುತನವಲ್ಲ, ಗಂಡಸೆಂದು ತೋರಿಸಿಕೊಳ್ಳುವ ಚಟ. ನೋಡುವವರಿಲ್ಲದಿದ್ದರೆ ಅದು ಒಂದು ಗಳಿಗೆಯೂ ಬದುಕಲಾರದು ಎಂದಿದ್ದ. ಆ ವಾಕ್ಯ ಬರೆದ ದಿನ ತನ್ನನ್ನೇ ತಾನು ಎಷ್ಟು ಮೆಚ್ಚಿಕೊಂಡಿದ್ದನೆಂಬುದು ನೆನಪಾಗಿ ಅವನಿಗೆ ಕಿವಿ ಬಿಸಿಯಾಯಿತು. ಪಠ್ಯದಲ್ಲಿದ್ದದ್ದು ಮೆಕ್ಸಿಕೋದ ಒಬ್ಬ ಕುದುರೆ ವ್ಯಾಪಾರಿಯ ಕಥೆ. ಹೆಂಡತಿ ಒಳಗೆ ಯಾರೊಡನೆಯೋ ನಕ್ಕಳೆಂದು ಅವನಿಗೆ ಅನುಮಾನ. ಒಳಗೆ ಹೋಗಿ ನೋಡುವುದಿಲ್ಲ; ಬಂದೂಕು ತೊಡೆಯ ಮೇಲಿಟ್ಟುಕೊಂಡು ಮೂರು ದಿನ ಮನೆಯ ಮುಂದೆ, ಊರವರಿಗೆ ಕಾಣುವಂತೆ, ಕುರ್ಚಿ ಹಾಕಿ ಕೂರುತ್ತಾನೆ. "ಅವನಿಗೆ ಸತ್ಯ ಬೇಕಾಗಿಲ್ಲ, ಗಮನಿಸಿ," ಎಂದು ಸುಹಾಸ ಫಲಕದ ಕಡೆ ತಿರುಗಿದ. ಸೀಮೆಸುಣ್ಣ ಹಿಡಿದ ಕೈ ಎತ್ತಿದವನಿಗೆ ಏನು ಬರೆಯಬೇಕಿತ್ತೆಂದು ಮರೆತುಹೋಯಿತು. ಬಾಚಣಿಗೆಯ ಹಲ್ಲಿಗೆ ಸಿಕ್ಕಿದ್ದ ತ್ರಿಶಲಾಳ ಒಂದು ಕೂದಲು, ಖಾಲಿಯಾದ ಆರು ಗುಳಿಗೆಯ ಗೂಡುಗಳು. ಆರು ದಿನದಿಂದಲೇ? ಇದು ಎಷ್ಟನೆಯ ಪಟ್ಟಿ?

"ಸರ್," ಎರಡನೇ ಬೆಂಚಿನಿಂದ ಮನಿಷಾ ಎಂಬ ವಿದ್ಯಾರ್ಥಿನಿ ಎದ್ದಳು. ಉಗಾರದಿಂದ ಬರುವ, ಸಾಮಾನ್ಯವಾಗಿ ಮಾತಾಡದ ಹುಡುಗಿ. "ಅಕಿ ಒಳಗ ಯಾಕ ನಕ್ಕಳಂತ ಕಥಿಯೊಳಗ ಎಲ್ಲೂ ಇಲ್ಲಲ್ರಿ?"

"ಇಲ್ಲ."

"ಮತ್ತ ಮೂರು ದಿನ ಅಕಿ ಏನ್ ಮಾಡಾಕತ್ತಿದ್ಳರಿ? ಅಂವ ಹೊರಗ ಕುಂತಾಗ ಅಂವಗ ಊಟಕ್ಕ ಯಾರು ಹಾಕಿದ್ರು?"

ತರಗತಿ ನಕ್ಕಿತು. ಸುಹಾಸ ಏನೋ ಒಂದು ದೊಡ್ಡ ಮಾತು ಹೇಳಿ ಅವಳನ್ನು ಕೂರಿಸಿದ. ಅವಳು ಕೂತ ಮೇಲೂ ಅವಳ ಕಣ್ಣು ತನ್ನ ಮೇಲೆಯೇ ಇದೆ, ಅವಳಿಗೆ ಏನೋ ಗೊತ್ತಿದೆ, ತ್ರಿಶಲಾ ಉಗಾರಕ್ಕೆ ಹೋದಾಗ ಇವಳು ಏನನ್ನೋ ನೋಡಿದ್ದಾಳೆ ಎಂದು ಅನಿಸಿ ಗಂಟೆಯಾಗುವ ಮೊದಲೇ ಹೊರಗೆ ಬಂದ.

ಸ್ಟಾಫ್ ರೂಮಿನಲ್ಲಿ ಜೊತೆಯ ಉಪನ್ಯಾಸಕ ನಿಖಿಲ ಚಹಾದ ಕಪ್ಪು ಅವನ ಕಡೆ ಸರಿಸುತ್ತ, ಹವೆಯ ಬಗ್ಗೆ ಹೇಳುವಷ್ಟೇ ಸಹಜವಾಗಿ, "ಹ್ವಾದ ವಾರ ಮಿರಜದಾಗ ತ್ರಿಶಲಾ ವೈನಿ ಕಂಡ್ರು ನೋಡ್ರಿ. ಬಾಳೇಶನ ಗಾಡಿ ಮ್ಯಾಲಿದ್ರು. ಹೆಲ್ತ್ ಡಿಪಾರ್ಟ್‌ಮೆಂಟಿನ ಬಾಳೇಶ," ಎಂದ. ಸಹಜವಾಗಿತ್ತೇ? ಕಪ್ಪು ಸರಿಸುವಾಗ ಅವನು ಮುಖ ನೋಡಲಿಲ್ಲವಲ್ಲ. "ಹೌದ್ರಿ, ಆಫೀಸಿನ ಕೆಲಸ ಇತ್ತು," ಎಂದು ಸುಹಾಸ ಹೇಳಿದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಇದು ಹಳೆಯ ಅಭ್ಯಾಸ ಎಂದು ಅವನಿಗೇ ಹೊಳೆಯಿತು.

ಬಾಳೇಶನನ್ನು ಅವನು ನಾಲ್ಕಾರು ಸಲ ನೋಡಿದ್ದ. ಕುರಿಗಾರರ ಮನೆಯ ಮಗ, ಆರೋಗ್ಯ ಸಹಾಯಕ. ಮೂವತ್ತರ ಆಸುಪಾಸು, ಎತ್ತರ, ಹುರಿ ಮೀಸೆ. ಲಸಿಕೆಯ ದಿನಗಳಲ್ಲಿ ತ್ರಿಶಲಾಳ ಜೊತೆ ಊರೂರು ಸುತ್ತುವವನು. ಮನೆಗೆ ಬಂದರೆ ಪಡಸಾಲೆಯ ಹೊಸ್ತಿಲಲ್ಲೇ ನಿಂತು ಮಾತಾಡುತ್ತಿದ್ದ. ಒಳಗೆ ಬಾ ಎಂದು ಸುಹಾಸ ಎಂದೂ ಕರೆದಿರಲಿಲ್ಲ ಎಂಬುದು ಈಗ ನೆನಪಾಯಿತು. ಅವನಿಗೆ ಇಬ್ಬರು ಗಂಡುಮಕ್ಕಳು. ಇಬ್ಬರು. ಬೈಕಿನ ಹಿಂದೆ ಕೂತ ತ್ರಿಶಲಾ ಕೈಯನ್ನು ಎಲ್ಲಿ ಇಟ್ಟುಕೊಂಡಿದ್ದಳು, ನಿಖಿಲ ಅದನ್ನು ಹೇಳಲಿಲ್ಲ, ಹೇಳದೇ ಬಿಟ್ಟನೇ? ಮಧ್ಯಾಹ್ನದ ಪಾಠ ಬಿಟ್ಟು ಸುಹಾಸ ಉಗಾರದ ದಾರಿ ಹಿಡಿದ. ಎರಡೂ ಕಡೆ ಕಬ್ಬು ಆಳೆತ್ತರ ನಿಂತಿತ್ತು. ಒಳಗೆ ಯಾರು ನಿಂತರೂ ಕಾಣದು ಎಂದು ಈ ದಾರಿಯಲ್ಲಿ ಇಪ್ಪತ್ತು ವರ್ಷ ಓಡಾಡಿದವನಿಗೆ ಮೊದಲ ಸಲ ಅನಿಸಿತು.

ಆರೋಗ್ಯ ಕೇಂದ್ರದ ಬೇವಿನ ಗಿಡದ ಕೆಳಗೆ ಬಾಳೇಶ ಲಸಿಕೆ ಒಯ್ಯುವ ಐಸ್ ಡಬ್ಬಿಗಳನ್ನು ತೊಳೆದು ಬೋರಲು ಹಾಕುತ್ತಿದ್ದ. ಸುಹಾಸನನ್ನು ಕಂಡವನೇ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಓಡಿಬಂದು ಕುರ್ಚಿ ತಂದಿಟ್ಟ.

"ಬರ್ರಿ ಸರ್, ಕುಂಡ್ರಿ. ಚಾ ತರಿಸ್ತೀನ್ರಿ."

"ಚಾ ಬ್ಯಾಡ." ಸುಹಾಸ ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಒಂದೂ ಇರಲಿಲ್ಲ. "ಹ್ವಾದ ವಾರ ಮಿರಜಕ್ಕ ಹೋಗಿದ್ದಿಯಂತಲ್ಲ."

ಬಾಳೇಶನ ಮುಖದಲ್ಲಿ ಏನೋ ಮುಚ್ಚಿಕೊಂಡಿತು. "ಹೌದ್ರಿ. ನಮ್ಮ ತಂಗಿ ಭಾಗ್ಯಾ ಅಲ್ಲೇ ನರ್ಸ್ ಅದಾಳ್ರಿ."

"ತಂಗೀನ ನೋಡಾಕ ನನ್ನ ಹೇಣ್ತಿ ಯಾಕ ಬರಬೇಕು?"

ಅವನು ನೆಲ ನೋಡಿದ. ಗಿಡದ ನೆರಳಿನಲ್ಲಿ ಕೂತಿದ್ದ ಇಬ್ಬರು ಬಸುರಿ ಹೆಂಗಸರು ಮಾತು ನಿಲ್ಲಿಸಿ ಇತ್ತ ಕಿವಿಗೊಟ್ಟಿದ್ದರು. "ಮೇಡಮ್ಮಾರನ್ನ ಕೇಳ್ರಿ ಸರ್," ಎಂದ ಬಾಳೇಶ ತಗ್ಗಿದ ದನಿಯಲ್ಲಿ. "ಅದು ನಾ ಹೇಳೂ ಮಾತಲ್ಲ." ಆಮೇಲೆ, ಇನ್ನೂ ತಗ್ಗಿಸಿ, "ಸಿಟ್ಟಾಗಬ್ಯಾಡ್ರಿ ಅವರ ಮ್ಯಾಲ. ಭಾಳ ತಡಕೊಂಡಾರ್ರಿ ಅವರು," ಎಂದ. ತನ್ನ ಹೆಂಡತಿಯ ಬಗ್ಗೆ ತನಗೇ ಶಿಫಾರಸು! ಅವನ ಕಣ್ಣಿನಲ್ಲಿದ್ದದ್ದು ಅಂಜಿಕೆಯಲ್ಲ, ಕನಿಕರ. ಸುಹಾಸನಿಗೆ ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. ಕೈ ಎತ್ತಲೂ ಇಲ್ಲ. ಇಷ್ಟು ಎತ್ತರದವನು ತಿರುಗಿ ಹೊಡೆದರೆ ಬಸುರಿಯರ ಮುಂದೆ ತಾನು ನೆಲಕ್ಕೆ ಬೀಳುವುದು ಖಂಡಿತ ಎಂದು ಮನಸ್ಸು ಅಷ್ಟರಲ್ಲೇ ಲೆಕ್ಕ ಹಾಕಿ ಮುಗಿಸಿತ್ತು.

ಮನೆ ಮುಟ್ಟಿದಾಗ ಐದು ಗಂಟೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕಾದ್ದರಿಂದ ಕುಸುಮವ್ವ ಹಿತ್ತಲಲ್ಲಿ ಸೊಪ್ಪು ಸೋಸುತ್ತಿದ್ದಳು. ತ್ರಿಶಲಾ ಕೋಣೆಯಲ್ಲಿ ಸೀರೆಗಳನ್ನು ಮಡಚಿ ಸಣ್ಣ ಚೀಲವೊಂದಕ್ಕೆ ತುಂಬುತ್ತಿದ್ದಳು. ಎರಡು ಸೀರೆ, ಟವೆಲ್ಲು, ಸೋಪಿನ ಡಬ್ಬಿ. ಒಂದು ದಿನಕ್ಕೆ ಹೋಗುವವರ ಸಾಮಾನಲ್ಲ ಅದು. ಅವನು ಬಾಗಿಲು ಮುಚ್ಚಿದ.

"ಎಲ್ಲಿಗೆ ಹೊಂಟಿ?"

"ನಿಮಗ ಇವತ್ತ ಹೇಳಾಕಿ ಇದ್ದೆ," ಎಂದು ಅವಳು ಮಂಚದ ತುದಿಗೆ ಕೂತಳು. "ಕುಂಡ್ರಿ."

"ಯಾರದು?"

ಅವಳಿಗೆ ಅರ್ಥವಾಗಲಿಲ್ಲ. ನಿಜವಾಗಿಯೂ ಅರ್ಥವಾಗಲಿಲ್ಲ, ಅದು ಮುಖದಲ್ಲಿ ಕಾಣುತ್ತಿತ್ತು. ಅದನ್ನು ಅವನು ನಟನೆ ಎಂದುಕೊಂಡ. "ನಾಟಕ ಬ್ಯಾಡ. ಗುಳಿಗಿ ನೋಡೀನಿ, ಮಿರಜದ ಚೀಟಿ ನೋಡೀನಿ. ಅವ್ವ ಸುದ್ದಾ ಗೊತ್ತ ಮಾಡಿಕೊಂಡಾಳ. ನನ್ನಿಂದ ಅಂತೂ ಅಲ್ಲ. ನನ್ನಿಂದ ಆಗೂದಿಲ್ಲ ಅಂತ ಒಂಬತ್ತು ವರ್ಷದಿಂದ ನನಗ ಗೊತ್ತೈತಿ. ಕೊಲ್ಹಾಪುರದಾಗ ಬರದು ಕೊಟ್ಟಾರ. ಹೇಳು, ಯಾರದು? ಬಾಳೇಶಂದೇನು?"

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂಬುದು ಅವನ ಕಿವಿಗೆ ಮುಟ್ಟಿತು. ತ್ರಿಶಲಾ ಚೀಲದ ಬಾಯಿ ಎಳೆದು ಮುಚ್ಚಿದಳು. ಅಳುತ್ತಾಳೆ ಎಂದುಕೊಂಡ, ಅಳಲಿಲ್ಲ.

"ನನಗೂ ಎಂಟು ವರ್ಷದಿಂದ ಗೊತ್ತೈತಿ," ಎಂದಳು. "ಮರುವರ್ಷ ನಾ ಒಬ್ಬಾಕಿನ ಕೊಲ್ಹಾಪುರಕ್ಕ ಹೋಗಿದ್ದೆ. ಡಾಕ್ಟರು ಕಂಪ್ಯೂಟರಿನಾಗ ತಗದು ನೋಡಿ, ನಿಮ್ಮ ಮಾಲಕರು ಹೇಳಲಿಲ್ಲೇನು ಅಂತ ಕೇಳಿದ್ರು. ಹೇಳ್ಯಾರ್ರಿ, ನಾನ ಮರ್ತಿದ್ದೆ ಅಂದೆ."

"ಮತ್ತ ಯಾಕ..."

"ನೀವ ಹೇಳ್ತೀರಿ ಅಂತ ಕಾದೆ. ಮೊದ್ಲ ದಿನಾ ಕಾದೆ. ಆಮ್ಯಾಲ ಹಬ್ಬ ಹುಣ್ಣಿಮಿಗೆ ಕಾದೆ. ಆಮ್ಯಾಲ ಬಿಟ್ಟೆ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಡಿಸಿದಳು. "ಇವತ್ತ ಬಾಯಿ ಬಿಟ್ರಿ. ಬಿಟ್ಟಿದ್ದು ಇದಕ್ಕ."

ಆಮೇಲೆ ಅವಳು ಬೇರೆ ಯಾರದೋ ವರದಿ ಓದುವವಳಂತೆ ಉಳಿದದ್ದನ್ನು ಹೇಳಿದಳು. ಗರ್ಭಚೀಲದಲ್ಲಿ ಗಡ್ಡೆಗಳಾಗಿವೆ. ಎರಡು ತಿಂಗಳಿಂದ ರಕ್ತ ಹೋಗುವುದು ನಿಂತೇ ಇಲ್ಲ. ದಿನವೂ ಹೊರಗೆ ಕೂತರೆ ಅಡುಗೆ ಮಾಡುವವರು ಯಾರು, ಅದಕ್ಕೆ ಹೇಳುವುದನ್ನೇ ಬಿಟ್ಟಳು. ಒಂದು ದಿನ ಉಗಾರದ ಅಂಗನವಾಡಿಯಲ್ಲಿ ಕೂಸುಗಳ ತೂಕ ಮಾಡುತ್ತಿದ್ದಾಗ ತಲೆ ತಿರುಗಿ ಬಿದ್ದಳು. ಬಾಳೇಶ ಅವನ ತಂಗಿ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋದ. ರಕ್ತ ಕಡಿಮೆ, ಅದಕ್ಕೆ ಆ ಕೆಂಪು ಗುಳಿಗೆ. ನಾಳೆ ಅಡ್ಮಿಟ್, ಗುರುವಾರ ಆಪರೇಷನ್. ಚೀಲ ತೆಗೆಯುತ್ತಾರೆ.

ಸುಹಾಸ ಅವಳ ಪಕ್ಕ ಕೂರಲು ಹೋಗಿ, ಕೂರಬಹುದೋ ಇಲ್ಲವೋ ತಿಳಿಯದೆ, ಗೋಡೆಗೆ ಒರಗಿದ. ನಾಚಿಕೆಯ ಜೊತೆಗೇ ಇನ್ನೊಂದು ಭಾವನೆ ಎಲ್ಲೋ ಕೆಳಗಿನಿಂದ ಏಳುತ್ತಿತ್ತು: ಹಾಗಾದರೆ ಬಾಳೇಶ ಅಲ್ಲ. ಅವಳ ಒಡಲು ಕೊಯ್ಯುವ ಸುದ್ದಿ ಕೇಳುತ್ತ ನಿಂತು ತನಗೆ ಸಮಾಧಾನವಾಗುತ್ತಿದೆ ಎಂಬುದನ್ನು ಅವನು ಗಮನಿಸಿದ, ಮತ್ತು ಅವಳೂ ಗಮನಿಸಿದಳೇನೋ ಎಂದು ಅವಳ ಮುಖ ನೋಡಿದ.

"ಅತ್ಯಾರಿಗೆ ನೀವ ಹೇಳ್ರಿ," ಎಂದಳು ತ್ರಿಶಲಾ. "ಬಸುರಿ ಅಂತ ತಿಳಕೊಂಡಾರಲ್ಲ, ಅದನ್ನ ನಾ ಹೆಂಗ ಬಿಡಿಸಿ ಹೇಳ್ಲಿ? ಎರಡೂ ಹೇಳ್ರಿ. ನಂದೂ, ನಿಮ್ದೂ."

ಹಿತ್ತಲಲ್ಲಿ ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತು ಅವನು ಹೇಳಿದ. ಮೊದಲು ಗಡ್ಡೆಯ ಸಂಗತಿ. ಕುಸುಮವ್ವನ ಮುಖದ ಕಳೆ ನೋಡನೋಡುತ್ತಿದ್ದಂತೆ ಇಳಿಯಿತು. ಆಮೇಲೆ ತನ್ನದು. ಸೊಪ್ಪಿನ ದಂಟು ಮುರಿಯುತ್ತಿದ್ದ ಅವಳ ಕೈ ನಿಂತಿತು. ಅವಳು ಕೇಳಿದ ಮೊದಲ ಮಾತು, "ಯಾರ್‍ಯಾರಿಗೆ ಹೇಳೀದಿ?"

"ಯಾರಿಗೂ ಇಲ್ಲ ಅವ್ವ. ತ್ರಿಶಲಾಗ ಗೊತ್ತೈತಿ."

"ಅಕಿ ಆಡಾಕಿಯಲ್ಲ. ಆಡಾಕಿ ಆಗಿದ್ರ ಎಂದೋ ಆಡ್ತಿದ್ಳು." ಮತ್ತೆ ದಂಟು ಮುರಿಯತೊಡಗಿದಳು. "ನೀನೂ ಬಾಯಿ ಮುಚ್ಚು. ಗಂಡಸರ ಮಾತು ಹೊಸ್ತಿಲಾ ದಾಟಬಾರದು. ಹೆಂಗೂ ಅಕಿಗೆ ಚೀಲ ತಗಸ್ತಾರಲ್ಲ? ಊರಿಗೆ ಅಷ್ಟ ಸಾಕು. ಅಕಿದ ದೋಷ ಇತ್ತು, ಆಪರೇಷನ್ ಆತು, ಮುಗೀತು. ಇನ್ನ ಯಾವನೂ ಕೇಳಂಗಿಲ್ಲ ನಿನ್ನ."

ತಾಯಿಯ ಮಾತು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಒಂದು ಗಳಿಗೆ, ನಿಜವಾಗಿ ಒಂದೇ ಗಳಿಗೆ, ಅದರಲ್ಲಿ ಮಲಗಿ ನಿದ್ದೆ ಹೋಗಬಹುದು ಎನಿಸಿತು. ತಲೆ ಎತ್ತಿದಾಗ ಅಡುಗೆಮನೆಯ ಬಾಗಿಲಲ್ಲಿ ತ್ರಿಶಲಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಕೇಳುವ ಅಗತ್ಯವಿರಲಿಲ್ಲ.

"ಊಟಕ್ಕ ಬರ್ರಿ," ಎಂದಳು. "ಹೊತ್ತು ಮುಳಗತೈತಿ."

ಬಡಿಸುವಾಗ ಅವನ ತಾಟಿಗೆ ಎಂದಿನಷ್ಟೇ ರೊಟ್ಟಿ ಹಾಕಿದಳು, ಎಂದಿನಂತೆ ಶೇಂಗಾ ಚಟ್ನಿಯ ಪಕ್ಕ ಎಣ್ಣೆ ಬಿಟ್ಟಳು. ಬೇರೆ ಏನಾದರೂ ಮಾಡಿದ್ದರೆ, ತಾಟು ಕುಕ್ಕಿದ್ದರೆ, ಅವನಿಗೆ ಹಿಡಿದುಕೊಳ್ಳಲು ಒಂದು ಕೊಂಡಿ ಸಿಗುತ್ತಿತ್ತು. "ನಾಳೆ ನೀವು ಬರಬ್ಯಾಡ್ರಿ," ಎಂದಳು ನೀರಿನ ಲೋಟ ಇಡುತ್ತ. "ಅಲ್ಲಿ ಭಾಗ್ಯಾ ಇರ್ತಾಳ."

ಬೆಳಿಗ್ಗೆ ಅವಳು ಹೊರಟು ಹತ್ತು ನಿಮಿಷವಾದ ಮೇಲೆ ಅವನೂ ಹೊರಟ. ಮಿರಜದ ಬಸ್ಸು ಐನಾಪುರದ ನಿಲ್ದಾಣದಲ್ಲೇ ತುಂಬಿತ್ತು. ತ್ರಿಶಲಾ ಮುಂದಿನ ಹೆಂಗಸರ ಸೀಟಿನಲ್ಲಿ ಕಿಟಕಿಯ ಕಡೆ ಕೂತಿದ್ದಳು; ಅವನು ಹಿಂದಿನ ಬಾಗಿಲಿನಿಂದ ಹತ್ತಿ ನಡುವೆ ಎಲ್ಲೋ ಕಂಬಿ ಹಿಡಿದು ನಿಂತ. ನೋಡಿದಳೋ ಇಲ್ಲವೋ. ತಮ್ಮದೇ ಓಣಿಯ ಧೂಳಪ್ಪಕಾಕಾ ಮೂರು ಸೀಟು ಆಚೆ ಕೂತಿದ್ದವನು ಅವನನ್ನು ಕಂಡು ಅಲ್ಲಿಂದಲೇ ಕೂಗಿದ. ಕಿವಿ ಮಂದವಾಗಿದ್ದರಿಂದ ಅವನಿಗೆ ಎಲ್ಲ ಮಾತೂ ಕೂಗಿಯೇ ಆಡುವ ರೂಢಿ.

"ಏನ್ ಸುಹಾಸಾ, ಇಬ್ಬರೂ ಮಿರಜಕ್ಕ ಹೊಂಟೀರಿ? ಏನ್ ವಿಶೇಷ?"

"ತ್ರಿಶಲಾಗ ಆಪರೇಷನ್ ಐತ್ರಿ ಕಾಕಾ."

"ಎದರ್ದೋ?"

"ಗರ್ಭಚೀಲದ್ದು."

ಧೂಳಪ್ಪಕಾಕಾ ನಾಲಿಗೆ ಲೊಚಗುಟ್ಟಿ, ಬಸ್ಸಿಗೆಲ್ಲ ಕೇಳುವಂತೆ, "ನಾ ಆಗ ಅಂದಿದ್ದೆ. ಹೊಲಾ ಬರಡಿದ್ರ ಬಿತ್ತಾಂವ ಏನ್ ಮಾಡ್ಯಾನು? ಪಾಪ, ನೀ ಚೊಲೋ ಮನಶ್ಯಾ, ಇಷ್ಟು ವರ್ಷ ಸಂಬಾಳಿಸಿದಿ," ಎಂದ. ಯಾರೋ ಹೌದು ಹೌದೆಂದು ತಲೆಯಾಡಿಸಿದರು. ಮುಂದೆ ತ್ರಿಶಲಾಳ ಕುತ್ತಿಗೆ ಕಾಣುತ್ತಿತ್ತು, ತುರುಬಿನ ಕೆಳಗೆ ಬೆವರಿದ ಒಂದು ಎಳೆ ಕೂದಲು. ಅದು ಅಲ್ಲಾಡಲಿಲ್ಲ. ಇಂಥ ಮಾತುಗಳನ್ನು ಅವಳು ಹೀಗೆಯೇ, ಅಲ್ಲಾಡದೆ, ಎಷ್ಟು ಬಸ್ಸುಗಳಲ್ಲಿ, ಎಷ್ಟು ಮದುವೆ ಮನೆಗಳಲ್ಲಿ ಕೇಳಿರಬಹುದು? ಸುಮ್ಮನಿದ್ದರೆ ಮುಗಿಯುತ್ತದೆ. ಕಾಗವಾಡ ಇನ್ನೇನು ಬಂತು.

"ಕಾಕಾ," ಎಂದ. ದನಿ ಒಡೆದು ಹೊರಟಿತು, ಮತ್ತೆ ಎತ್ತಿದ. ಕಿವಿ ಮಂದ ಇದ್ದವರ ಜೊತೆ ಮಾತಾಡುವಾಗ ಕೂಗಲೇಬೇಕು. "ಅಕಿಗೆ ಗಡ್ಡಿ ಆಗಿದ್ದು ಈಗ. ಮಕ್ಕಳಾಗದ್ದು ನನ್ನಿಂದರಿ. ದೋಷ ನನ್ನದು. ಒಂಬತ್ತು ವರ್ಷದ ಹಿಂದ ಡಾಕ್ಟರು ಹೇಳ್ಯಾರ. ನಾ ಮುಚ್ಚಿಟ್ಟಿದ್ದೆ."

ಧೂಳಪ್ಪಕಾಕಾ ತಲೆಯ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಒಬ್ಬ ತರುಣ ಕಿಟಕಿಯ ಕಡೆ ತಿರುಗಿ ನಗುವನ್ನು ಕೆಮ್ಮು ಮಾಡಿಕೊಂಡ. ಸುಹಾಸ ಕಂಬಿಗೆ ಇನ್ನೊಂದು ಕೈಯನ್ನೂ ಕೊಟ್ಟು ನಿಂತ.

ಕಾಗವಾಡದಲ್ಲಿ ಅರ್ಧ ಬಸ್ಸು ಇಳಿಯಿತು. ತ್ರಿಶಲಾಳ ಪಕ್ಕದ ಹೆಂಗಸೂ ಇಳಿದಳು, ಇಳಿಯುವಾಗ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನು ಮುಂದೆ ಹೋಗಿ ಸೀಟಿನ ಬಳಿ ನಿಂತ.

ಅವಳು ಹೊರಗೆ ನೋಡುತ್ತಲೇ ಹೇಳಿದಳು, "ಅತ್ಯಾರಿಗೆ ಫೋನ್ ಹಚ್ರಿ. ಕಾಕಾ ಹೇಳೂಕಿಂತ ಮೊದ್ಲ ನೀವ ಹೇಳ್ರಿ."

ಅವನು ಫೋನ್ ಹಚ್ಚಿದ. "ಮುಟ್ಟಿದ್ರೇನು?" ಎಂದಳು ಕುಸುಮವ್ವ. "ಬಸ್ಸಿನಾಗ ಗುರ್ತಿನವರು ಯಾರರ ಅದಾರೇನು?"

"ಅದಾರ ಅವ್ವ. ಎಲ್ಲಾರ ಮುಂದ ಹೇಳೀನಿ. ನನ್ನದು ಅಂತ."

ಆಚೆಯಿಂದ ಲೈನು ಕಡಿಯಿತು. ಬಸ್ಸು ಗಡಿ ದಾಟಿತ್ತು; ಅಂಗಡಿಗಳ ಮೇಲಿನ ಅಕ್ಷರಗಳು ಬದಲಾಗಿದ್ದವು. ತ್ರಿಶಲಾ ಸೆರಗು ಬಿಗಿಮಾಡಿಕೊಂಡು ಕಿಟಕಿಯ ಕಡೆಗೆ ಒಂದಿಷ್ಟು ಸರಿದು ಕೂತಳು. ಅದು ತನಗೆ ಜಾಗ ಬಿಟ್ಟಿದ್ದೋ, ತನ್ನಿಂದ ದೂರ ಸರಿದದ್ದೋ ಎಂದು ತಿಳಿಯದೆ, ಕೇಳಲೂ ಆಗದೆ, ಸುಹಾಸ ಕಂಬಿ ಹಿಡಿದು ಮಿರಜದವರೆಗೆ ನಿಂತೇ ಹೋದ.